ಹಳೆಯ ಪಿಡಿಎಗೆ ವೈಫೈ ಮತ್ತು ಇಮೇಲ್: ಓದುಗರ ಪ್ರಶ್ನೆಗಳಿಗೆ ಉತ್ತರ

ಮೇಜಿನ ಖಾನೆಯಲ್ಲಿ ವರ್ಷಗಟ್ಟಲೆ ಮಲಗಿದ್ದ ಪಿಡಿಎ (ಅಂಗೈ ಕಂಪ್ಯೂಟರ್) ಮೊದಲಾದ ಕೈಸಾಧನಗಳನ್ನು ಎಬ್ಬಿಸಿ ಅಂತರಜಾಲಕ್ಕೆ ಸೇರಿಸುವುದು ಹೇಗೆಂದು ಕೇಳಿ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ಎತ್ತಿಕೊಂಡಿದ್ದೇವೆ. ಒಂದೇ ವಿಷಯವನ್ನು ಕುರಿತ ಪ್ರಶ್ನೆಗಳನ್ನು ಕೂಡಿಸಿ, ಚಿಕ್ಕದಾಗಿಸಿ ಕೊಟ್ಟಿದೆ.

ಪ್ರಶ್ನೆ: ನನ್ನ ಬಳಿ 2005ರಲ್ಲಿ ಮಾರುಕಟ್ಟೆಗೆ ಬಂದ ಪಾಮ್ ಟಿಎಕ್ಸ್ ಎಂಬ ಪಿಡಿಎ ಇದೆ. ಬ್ಯಾಟರಿ ಇನ್ನೂ ನಿಲ್ಲುತ್ತದೆ, ಪರದೆಯೂ ಚೆನ್ನಾಗಿದೆ. ಆದರೆ ವೈಫೈ ಪಟ್ಟಿಯಲ್ಲಿ ನಮ್ಮ ಮನೆಯ ರೂಟರ್‌ನ ಹೆಸರು ಕಾಣುವುದೇ ಇಲ್ಲ. ನೆರೆಮನೆಯವರ ಹಳೆಯ ರೂಟರ್ ಮಾತ್ರ ಕಾಣುತ್ತದೆ. ಸಾಧನ ಕೆಟ್ಟಿದೆಯೇ?

ಉತ್ತರ: ಕೆಟ್ಟಿಲ್ಲ. ನೆರೆಮನೆಯ ಹೆಸರು ಕಾಣುತ್ತಿದೆ ಎಂದಮೇಲೆ ನಿಮ್ಮ ಸಾಧನದ ರೇಡಿಯೊ ಸರಿಯಾಗಿಯೇ ಇದೆ. ಇಲ್ಲಿ ಎರಡು ಬೇರೆ ಬೇರೆ ತೊಡಕುಗಳಿವೆ: ಹೆಸರು ಕಾಣದಿರುವುದು ಒಂದು, ಕಂಡ ಮೇಲೂ ಸೇರಲಾಗದಿರುವುದು ಇನ್ನೊಂದು. ಮೊದಲನೆಯದನ್ನು ಬಗೆಹರಿಸಿದ ಕೂಡಲೇ ನೀವು ಎರಡನೆಯದಕ್ಕೆ ಸಿಕ್ಕಿಬೀಳುತ್ತೀರಿ, ಆದ್ದರಿಂದ ಎರಡನ್ನೂ ಈಗಲೇ ಹೇಳಿಬಿಡುವುದು ಒಳ್ಳೆಯದು.

ಪಾಮ್ ಟಿಎಕ್ಸ್‌ನಲ್ಲಿರುವುದು 802.11ಬಿ ಎಂಬ ಗುಣಮಟ್ಟದ ವೈಫೈ. 1999ರಲ್ಲಿ ರೂಪುಗೊಂಡ ಇದು 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಷ್ಟೇ ಕೆಲಸ ಮಾಡುತ್ತದೆ ಮತ್ತು ಇದರ ಗರಿಷ್ಠ ವೇಗ ಸೆಕೆಂಡಿಗೆ 11 ಮೆಗಾಬಿಟ್. ನಿಮ್ಮ ಹೊಸ ರೂಟರ್ 5 ಗಿಗಾಹರ್ಟ್ಸ್‌ನಲ್ಲಿ ಮಾತ್ರ ಪ್ರಸಾರ ಮಾಡುತ್ತಿದ್ದರೆ ಟಿಎಕ್ಸ್‌ನ ಪಾಲಿಗೆ ಅದು ಇಲ್ಲವೇ ಇಲ್ಲ. 2.4 ಗಿಗಾಹರ್ಟ್ಸ್ ಆನ್ ಆಗಿದ್ದರೂ ಅನೇಕ ರೂಟರ್‌ಗಳಲ್ಲಿ ‘ಬಿ’ ಸಾಧನಗಳ ನಿಧಾನವೇಗವನ್ನು ಕೈಬಿಟ್ಟು, ಅದಕ್ಕಿಂತ ಹೊಸ ಗುಣಮಟ್ಟಗಳಾದ ‘ಜಿ’ ಮತ್ತು ‘ಎನ್’ ಸಾಧನಗಳಿಗಷ್ಟೇ ದಾರಿ ಬಿಟ್ಟಿರುತ್ತಾರೆ. ರೂಟರ್‌ನ ವೈರ್‌ಲೆಸ್ ಪುಟದಲ್ಲಿ ‘ಮೋಡ್’ ಎಂದಿರುವಲ್ಲಿ ಬಿ, ಜಿ, ಎನ್ ಮೂರೂ ಸೇರಿದ ಆಯ್ಕೆಯನ್ನು ಹುಡುಕಿ. ಚಾನೆಲ್ ಅನ್ನು ‘ಆಟೋ’ದಲ್ಲಿ ಬಿಡದೆ 1, 6 ಅಥವಾ 11ಕ್ಕೆ ಕಟ್ಟಿಹಾಕಿ, ಏಕೆಂದರೆ ಆ ಕಾಲದ ಹಲವು ಸಾಧನಗಳಿಗೆ 12 ಮತ್ತು 13ನೇ ಚಾನೆಲ್‌ಗಳು ಕಾಣುವುದಿಲ್ಲ.

ಇನ್ನು ಸೇರುವ ವಿಚಾರ. ವೈಫೈಗೆ ಮೊದಲು ಬಂದ ಬೀಗ ವೆಪ್. ಅದನ್ನು ಮುರಿಯುವ ಬಗೆ 2001ರಲ್ಲೇ ಬಹಿರಂಗವಾಯಿತು. 2003ರಲ್ಲಿ ತಾತ್ಕಾಲಿಕ ಪರಿಹಾರವಾಗಿ ಡಬ್ಲ್ಯುಪಿಎ, 2004ರಲ್ಲಿ ಗಟ್ಟಿಯಾದ ಡಬ್ಲ್ಯುಪಿಎ2, 2018ರಲ್ಲಿ ಡಬ್ಲ್ಯುಪಿಎ3 ಬಂದವು. ಟಿಎಕ್ಸ್‌ಗೆ ಇವುಗಳಲ್ಲಿ ಗೊತ್ತಿರುವುದು ವೆಪ್ ಮತ್ತು ಪಾಸ್‌ವರ್ಡ್ ಹಾಕುವ ಮೊದಲ ಡಬ್ಲ್ಯುಪಿಎ ಮಾತ್ರ. ನಿಮ್ಮ ಮನೆಯ ರೂಟರ್ ಬಹುಶಃ ಡಬ್ಲ್ಯುಪಿಎ2 ಅಥವಾ ಅದಕ್ಕೂ ಹೊಸದನ್ನು ಕೇಳುತ್ತಿರುತ್ತದೆ. ಪಾಸ್‌ವರ್ಡ್ ಅನ್ನು ಎಷ್ಟೇ ಸರಿಯಾಗಿ ಬರೆದರೂ ಇಬ್ಬರ ಭಾಷೆ ಬೇರೆಯಾದ್ದರಿಂದ ಸಂಪರ್ಕ ಏರ್ಪಡದು.

ಇಂಥಲ್ಲಿ ಹಲವರು ಮನೆಯ ಮುಖ್ಯ ರೂಟರ್‌ನ ಭದ್ರತೆಯನ್ನೇ ಇಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ, ಅದು ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡಂತೆ. ಭದ್ರತೆಯ ಮಾತು ಹಾಗಿರಲಿ, ವೆಪ್ ಅಥವಾ ಟಿಕೆಐಪಿ ಎಂಬ ಹಳೆಯ ಗೂಢಲಿಪಿಯನ್ನು ಬಳಸುವ ಸಂಪರ್ಕಕ್ಕೆ 802.11ಎನ್‌ನ ಹೆಚ್ಚಿನ ವೇಗ ಸಿಗುವುದಿಲ್ಲ, ಅದು 54 ಮೆಗಾಬಿಟ್‌ಗೇ ನಿಲ್ಲುತ್ತದೆ. ಒಂದು ಪಿಡಿಎಗಾಗಿ ಮನೆಯವರೆಲ್ಲರ ಜಾಲ ಕುಂಟಬೇಕಾಗುತ್ತದೆ.

ಉತ್ತಮ ದಾರಿಯೆಂದರೆ ಅಟ್ಟ ಸೇರಿರುವ ಹಳೆಯ ರೂಟರ್ ಒಂದನ್ನು ಕೆಳಗಿಳಿಸಿ, ತಂತಿಯ ಮೂಲಕ ಅದನ್ನು ಹೊಸ ರೂಟರ್‌ಗೆ ಜೋಡಿಸಿ, ಅದರಲ್ಲಿ ಬೇರೊಂದು ಹೆಸರಿನ ವೈಫೈ ಅನ್ನು ಡಬ್ಲ್ಯುಪಿಎ ಮತ್ತು ಟಿಕೆಐಪಿಯೊಂದಿಗೆ ಸಿದ್ಧಪಡಿಸುವುದು. ಪಾಸ್‌ವರ್ಡ್ 8ರಿಂದ 63 ಅಕ್ಷರಗಳವರೆಗೆ ಇರಬಹುದು. ಕಡ್ಡಿಯಿಂದ ಪರದೆಯ ಮೇಲೆ ಗೀಚಿ ಬರೆಯಬೇಕಾದ್ದರಿಂದ ಚಿಹ್ನೆಗಳ ಗೋಜಿಗೆ ಹೋಗದೆ ಸಣ್ಣಕ್ಷರ ಮತ್ತು ಅಂಕಿಗಳಲ್ಲೇ ಉದ್ದವಾಗಿ ಇಟ್ಟುಕೊಳ್ಳಿ. ಟಿಎಕ್ಸ್‌ಗಿಂತ ಹಿಂದಿನ, ವೆಪ್ ಬಿಟ್ಟರೆ ಬೇರೇನೂ ತಿಳಿಯದ ಸಾಧನವಾದರೆ ಕೀಲಿಯ ಉದ್ದವನ್ನು ಗಮನಿಸಬೇಕು. ಹೆಕ್ಸ್ ಅಂಕಿಗಳಲ್ಲಿ (0ರಿಂದ 9, ಎಯಿಂದ ಎಫ್‌ವರೆಗೆ) ಬರೆಯುವುದಾದರೆ ಸರಿಯಾಗಿ 10 ಅಥವಾ 26, ಸಾಮಾನ್ಯ ಅಕ್ಷರಗಳಲ್ಲಾದರೆ ಸರಿಯಾಗಿ 5 ಅಥವಾ 13 ಇರಬೇಕು. ಒಂದು ಹೆಚ್ಚಾದರೂ ಕಡಿಮೆಯಾದರೂ ನಡೆಯದು.

ಹೀಗೆ ಜೋಡಿಸಿದ ಎರಡನೆಯ ರೂಟರ್‌ಗೆ ನುಸುಳಿದವರು ಅದರ ಮೂಲಕ ಮುಖ್ಯ ರೂಟರ್‌ನ ಜಾಲದಲ್ಲಿರುವ ಕಂಪ್ಯೂಟರುಗಳನ್ನೂ ತಲುಪಬಲ್ಲರು ಎಂಬುದನ್ನು ಮರೆಯಬಾರದು. ಆದ್ದರಿಂದ ಪಿಡಿಎ ಬಳಸುವ ಹೊತ್ತಿಗೆ ಮಾತ್ರ ಅದರ ಸ್ವಿಚ್ ಹಾಕಿ, ಕೆಲಸವಾದ ಮೇಲೆ ಆರಿಸಿ. ಯಾವ ಭದ್ರತಾ ತಂತ್ರಕ್ಕಿಂತಲೂ ಈ ಸ್ವಿಚ್ಚಿನ ಮೇಲೆ ನನಗೆ ಹೆಚ್ಚು ನಂಬಿಕೆ.

ಪ್ರಶ್ನೆ: ವೈಫೈ ಸೇರಿತು, ಕೆಲವು ಸರಳ ಜಾಲಪುಟಗಳೂ ತೆರೆದವು. ಆದರೆ ಇಮೇಲ್ ಮಾತ್ರ ಬರುತ್ತಿಲ್ಲ. ಕಂಪ್ಯೂಟರ್‌ನಲ್ಲಿ ದಿನವೂ ಬಳಸುವ ಪಾಸ್‌ವರ್ಡ್ ಅನ್ನೇ ಕೊಟ್ಟರೂ ಕೆಲವೊಮ್ಮೆ ‘ಪಾಸ್‌ವರ್ಡ್ ತಪ್ಪು’ ಎಂದೂ ಕೆಲವೊಮ್ಮೆ ‘ಸರ್ವರ್ ಸಿಗಲಿಲ್ಲ’ ಎಂದೂ ಹೇಳುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ನೀವು ತಪ್ಪುತ್ತಿಲ್ಲ. ಈ ಎರಡು ದೂರುಗಳಿಗೆ ಎರಡು ಬೇರೆ ಕಾರಣಗಳಿವೆ, ಪಿಡಿಎ ಅವುಗಳನ್ನು ಬಿಡಿಸಿ ಹೇಳಲಾರದೆ ತೊದಲುತ್ತಿದೆ.

ಮೊದಲು ಸೆಟ್ಟಿಂಗ್ಸ್ ಸರಿ ಇದೆಯೇ ನೋಡೋಣ. ಬರುವ ಅಂಚೆಗೆ ಎರಡು ಪದ್ಧತಿಗಳಿವೆ. ಪಾಪ್ ಎಂಬುದು ಪತ್ರವನ್ನು ಸಾಧನಕ್ಕೆ ಇಳಿಸಿಕೊಳ್ಳುತ್ತದೆ. ಅದರ ಪೋರ್ಟ್, ಅಂದರೆ ಸರ್ವರ್‌ನಲ್ಲಿ ಅದು ತಟ್ಟುವ ಬಾಗಿಲಿನ ಸಂಖ್ಯೆ 110, ಗೂಢಲಿಪಿಯೊಂದಿಗಾದರೆ 995. ಐಮ್ಯಾಪ್ ಎಂಬುದು ಪತ್ರವನ್ನು ಸರ್ವರ್‌ನಲ್ಲೇ ಇಟ್ಟು ತೋರಿಸುತ್ತದೆ. ಅದರ ಪೋರ್ಟ್ 143, ಗೂಢಲಿಪಿಯೊಂದಿಗಾದರೆ 993. ಹೋಗುವ ಅಂಚೆಗೆ ಎಸ್‌ಎಂಟಿಪಿ. ಹಳೆಯ ಸಾಧನಗಳು ತಾವಾಗಿಯೇ ತುಂಬುವ 25ನೇ ಪೋರ್ಟ್ ಅನ್ನು ಅಂತರಜಾಲ ಸೇವೆಯವರು ಸ್ಪ್ಯಾಮ್ ತಡೆಯಲು ಬಹುತೇಕ ಮುಚ್ಚಿರುತ್ತಾರೆ, ಆದ್ದರಿಂದ 587 ಅಥವಾ 465 ಕೊಡಬೇಕು. ಪಾಮ್‌ನ ಇಮೇಲ್ ತಂತ್ರಾಂಶವಾದ ವರ್ಸಾಮೇಲ್‌ನಲ್ಲಿ ಹೋಗುವ ಅಂಚೆಗೂ ಹೆಸರು ಮತ್ತು ಪಾಸ್‌ವರ್ಡ್ ಬೇಕೆಂದು ಹೇಳುವ ಗುರುತು ಬೇರೆಯೇ ಇದೆ. ಅದನ್ನು ಹಾಕದಿದ್ದರೆ ಪತ್ರಗಳು ಬರುತ್ತವೆ, ಹೋಗುವುದಿಲ್ಲ.

ಇನ್ನು ‘ಪಾಸ್‌ವರ್ಡ್ ತಪ್ಪು’ ಎಂಬ ದೂರು. ದೊಡ್ಡ ಇಮೇಲ್ ಸೇವೆಗಳು ಬರಿಯ ಹೆಸರು ಮತ್ತು ಪಾಸ್‌ವರ್ಡ್ ನೋಡಿ ಬಾಗಿಲು ತೆರೆಯುವುದನ್ನು ಒಂದೊಂದಾಗಿ ನಿಲ್ಲಿಸಿವೆ. ಗೂಗಲ್ ವೈಯಕ್ತಿಕ ಖಾತೆಗಳಲ್ಲಿ 2022ರ ಮೇ 30ರಿಂದ ಇಂಥ ಪ್ರವೇಶವನ್ನು ಕೊನೆಗೊಳಿಸಿತು. ಆದರೆ ಜಿಮೇಲ್‌ನಲ್ಲಿ ಒಂದು ಕಿಂಡಿ ಉಳಿದಿದೆ: ಖಾತೆಗೆ ಎರಡು ಹಂತದ ಪರಿಶೀಲನೆಯನ್ನು ಜೋಡಿಸಿಕೊಂಡರೆ ‘ಆ್ಯಪ್ ಪಾಸ್‌ವರ್ಡ್’ ಎಂಬ 16 ಅಕ್ಷರಗಳ ಪ್ರತ್ಯೇಕ ಪಾಸ್‌ವರ್ಡ್ ಅನ್ನು ಪಡೆಯಬಹುದು. ಪಿಡಿಎಗೆ ಕೊಡಬೇಕಾದದ್ದು ಇದನ್ನು. ಸಾಧನ ಕಳೆದುಹೋದರೆ ಈ ಒಂದನ್ನು ರದ್ದು ಮಾಡಿದರೆ ಸಾಕು, ಮುಖ್ಯ ಪಾಸ್‌ವರ್ಡ್ ಹಾಗೇ ಉಳಿಯುತ್ತದೆ. ಮೈಕ್ರೋಸಾಫ್ಟ್ ಇನ್ನೂ ಬಿಗಿ. ಅದರ ವೈಯಕ್ತಿಕ ಔಟ್‌ಲುಕ್ ಖಾತೆಗಳಲ್ಲಿ 2024ರ ಸೆಪ್ಟೆಂಬರ್ 16ರಿಂದ ಪಾಸ್‌ವರ್ಡ್ ಮಾತ್ರ ಕೊಟ್ಟು ಒಳಹೋಗುವ ದಾರಿ ಇಲ್ಲ. ಹಳೆಯ ಸಾಧನದಲ್ಲಿ ಇಮೇಲ್ ನೋಡಲೇಬೇಕೆನ್ನುವವರು ಖಾತೆ ಆರಿಸುವಾಗಲೇ ಇದನ್ನು ಗಮನಿಸುವುದು ಒಳ್ಳೆಯದು.

‘ಸರ್ವರ್ ಸಿಗಲಿಲ್ಲ’ ಎಂಬುದು ಇದಕ್ಕಿಂತ ಆಳದ ತೊಂದರೆ. ಸಾಧನ ಮತ್ತು ಸರ್ವರ್ ಮಾತಿಗೆ ತೊಡಗುವ ಮೊದಲು ಯಾವ ಗೂಢಲಿಪಿಯಲ್ಲಿ ಮಾತಾಡಬೇಕೆಂದು ಒಪ್ಪಂದಕ್ಕೆ ಬರುತ್ತವೆ. 1996ರ ಎಸ್‌ಎಸ್‌ಎಲ್ 3, 1999ರ ಟಿಎಲ್‌ಎಸ್ 1.0, 2006ರ 1.1, 2008ರ 1.2, 2018ರ 1.3 ಎಂದು ಈ ಒಪ್ಪಂದದ ಪಾಠ ಬದಲಾಗುತ್ತ ಬಂದಿದೆ. ಎಸ್‌ಎಸ್‌ಎಲ್ 3ರಲ್ಲಿ 2014ರಲ್ಲಿ ಬಯಲಾದ ಒಡಕು ಅದರ ಕಥೆಯನ್ನು ಮುಗಿಸಿತು, ಟಿಎಲ್‌ಎಸ್ 1.0 ಮತ್ತು 1.1ನ್ನು ಅಂತರಜಾಲದ ಗುಣಮಟ್ಟ ನಿರ್ಧರಿಸುವ ಐಇಟಿಎಫ್ 2021ರ ಮಾರ್ಚ್‌ನಲ್ಲಿ ವಿಧ್ಯುಕ್ತವಾಗಿ ನಿವೃತ್ತಿಗೊಳಿಸಿತು. ಪಾಮ್, ಮೈಕ್ರೋಸಾಫ್ಟ್‌ನ ವಿಂಡೋಸ್ ಮೊಬೈಲ್ ನಡೆಸುವ ಪಾಕೆಟ್ ಪಿಸಿ, ಆ ಕಾಲದ ನೋಕಿಯಾ ಫೋನುಗಳು ಬಲ್ಲದ್ದು ಹೆಚ್ಚೆಂದರೆ ಟಿಎಲ್‌ಎಸ್ 1.0 ತನಕ. ಇಂದಿನ ಅನೇಕ ಸರ್ವರ್‌ಗಳು 1.2ಕ್ಕಿಂತ ಕೆಳಗಿಳಿಯುವುದಿಲ್ಲ. ಒಪ್ಪಂದವೇ ಆಗದಿದ್ದಾಗ ಪಾಸ್‌ವರ್ಡ್ ಕೇಳುವ ಹಂತವೂ ಬರುವುದಿಲ್ಲ, ಸೆಟ್ಟಿಂಗ್ಸ್ ತಿದ್ದಿ ತಿದ್ದಿ ಸುಸ್ತಾಗುವುದಷ್ಟೇ ಉಳಿಯುತ್ತದೆ.

ಪರಿಹಾರವೆಂದರೆ ನಡುವೆ ಒಬ್ಬ ದುಭಾಷಿಯನ್ನು ಕೂರಿಸುವುದು. ಮನೆಯಲ್ಲಿ ಸದಾ ಆನ್ ಇರುವ ಕಂಪ್ಯೂಟರ್ ಅಥವಾ ರಾಸ್ಪ್‌ಬೆರಿ ಪೈನಂಥ ಚಿಕ್ಕ ಬೋರ್ಡ್ ಇದ್ದರೆ ಅದರಲ್ಲಿ ಎಸ್‌ಟನೆಲ್ ಎಂಬ ಉಚಿತ ತಂತ್ರಾಂಶವನ್ನು ಹಾಕಿ. ಅದನ್ನು ‘ಕ್ಲೈಂಟ್’ ರೀತಿಯಲ್ಲಿ ನಡೆಸಬೇಕು: ಮನೆಯ ಜಾಲದಿಂದ 110ನೇ ಪೋರ್ಟ್‌ಗೆ ಬಂದದ್ದನ್ನು ಅದು ಹೊಸ ಗೂಢಲಿಪಿಯಲ್ಲಿ ಸುತ್ತಿ ಇಮೇಲ್ ಸರ್ವರ್‌ನ 995ಕ್ಕೆ ಕಳಿಸುತ್ತದೆ, 25ಕ್ಕೆ ಬಂದದ್ದನ್ನು 465ಕ್ಕೆ ಕಳಿಸುತ್ತದೆ. ಪಿಡಿಎಯಲ್ಲಿ ಸರ್ವರ್‌ನ ಹೆಸರಿರಬೇಕಾದಲ್ಲಿ ಆ ಕಂಪ್ಯೂಟರ್‌ನ ಮನೆಯೊಳಗಿನ ವಿಳಾಸವನ್ನು, ಅಂದರೆ 192.168 ಎಂದು ಆರಂಭವಾಗುವ ಅಂಕಿಗಳಂಥದ್ದನ್ನು ಬರೆದು, ‘ಎಸ್‌ಎಸ್‌ಎಲ್ ಬಳಸು’ ಎಂಬ ಗುರುತನ್ನು ತೆಗೆದುಹಾಕಿ. ಪಿಡಿಎಗೆ ತಾನು 2005ರಲ್ಲೇ ಇದ್ದೇನೆ ಎಂಬ ಭ್ರಮೆ ಉಳಿಯುತ್ತದೆ, ಸರ್ವರ್‌ಗೂ ಸಮಾಧಾನ. ಔಟ್‌ಲುಕ್ ಅಥವಾ ಎಕ್ಸ್‌ಚೇಂಜ್ (ಮೈಕ್ರೋಸಾಫ್ಟ್‌ನ ಕಚೇರಿ ಇಮೇಲ್) ಖಾತೆಯೇ ಬೇಕೆಂದಿದ್ದರೆ ಇದೇ ದುಭಾಷಿಯ ಕೆಲಸವನ್ನು ಡಾವ್‌ಮೇಲ್ ಎಂಬ ತಂತ್ರಾಂಶ ಮಾಡುತ್ತದೆ. ಮೈಕ್ರೋಸಾಫ್ಟ್ ಕೇಳುವ ಹೊಸ ಬಗೆಯ ಗುರುತುಪತ್ರವನ್ನು ಅದೇ ನಿಭಾಯಿಸಿ, ಪಿಡಿಎಗೆ ಸರಳ ಪಾಪ್ ಅಥವಾ ಐಮ್ಯಾಪ್ ಆಗಿ ಕಾಣಿಸಿಕೊಳ್ಳುತ್ತದೆ.

ಇದರಲ್ಲಿ ಎರಡು ಎಚ್ಚರಗಳು. ಎಸ್‌ಟನೆಲ್ ತಾನು ಮಾತಾಡುತ್ತಿರುವ ಸರ್ವರ್ ನಿಜವಾದದ್ದೇ ಎಂದು ತಾನಾಗಿ ಪರಿಶೀಲಿಸುವುದಿಲ್ಲ, ಸರ್ವರ್ ಯಾರದೆಂದು ಸಾರುವ ಸರ್ಟಿಫಿಕೇಟ್‌ನ ಪರಿಶೀಲನೆಯನ್ನು ನೀವೇ ಅದರ ಸೆಟ್ಟಿಂಗ್ಸ್ ಕಡತದಲ್ಲಿ ಆನ್ ಮಾಡಬೇಕು. ಹಾಗೆಯೇ ಪಿಡಿಎಯಿಂದ ಆ ಕಂಪ್ಯೂಟರ್‌ವರೆಗಿನ ದಾರಿಯಲ್ಲಿ ಪಾಸ್‌ವರ್ಡ್ ಬೆತ್ತಲೆಯಾಗಿ ಹೋಗುವುದರಿಂದ ಈ ಏರ್ಪಾಡು ಮನೆಯ ಗೋಡೆಯೊಳಗಷ್ಟೇ ಇರಬೇಕು. ಹೊರಗಿನಿಂದಲೂ ಸಿಗಲೆಂದು ರೂಟರ್‌ನಲ್ಲಿ ಆ ಪೋರ್ಟ್ ತೆರೆದಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಈ ಕಾರಣಕ್ಕೇ ನಾನು ಕೇಳಿದವರಿಗೆಲ್ಲ ಒಂದು ಮಾತು ಹೇಳುತ್ತೇನೆ: ನಿಮ್ಮ ಮುಖ್ಯ ಖಾತೆಯನ್ನು ಹಳೆಯ ಸಾಧನಕ್ಕೆ ಕೊಡಲೇಬೇಡಿ. ಅದಕ್ಕೆಂದೇ ಹೊಸ ಖಾತೆಯೊಂದನ್ನು ತೆರೆದು, ಮುಖ್ಯ ಖಾತೆಯಲ್ಲಿ ಫಿಲ್ಟರ್ ಇಟ್ಟು, ಆಪ್ತರ ಪತ್ರಗಳು ಮಾತ್ರ ಅಲ್ಲಿಗೆ ರವಾನೆಯಾಗುವಂತೆ ಮಾಡಿ. ಬ್ಯಾಂಕಿನ ಸೂಚನೆ, ಪಾಸ್‌ವರ್ಡ್ ಬದಲಾಯಿಸುವ ಕೊಂಡಿ ಇವೆಲ್ಲ ಪಿಡಿಎಯತ್ತ ಸುಳಿಯುವುದೇ ಇಲ್ಲ. ಇದರಿಂದ ಇನ್ನೊಂದು ಲಾಭವೂ ಇದೆ. ಸಾವಿರಾರು ಪತ್ರಗಳಿರುವ ಪೆಟ್ಟಿಗೆಯನ್ನು ಐಮ್ಯಾಪ್ ಮೂಲಕ ತೆರೆಯಹೊರಟರೆ ಹಳೆಯ ತಂತ್ರಾಂಶ ಅವುಗಳ ಪಟ್ಟಿಯನ್ನು ಜೋಡಿಸಿಕೊಳ್ಳುವುದರಲ್ಲೇ ಉಸಿರು ಬಿಡುತ್ತದೆ, ಹೊಸ ಖಾತೆಯ ಚಿಕ್ಕ ಪೆಟ್ಟಿಗೆಯಾದರೆ ಸಲೀಸು.

ಪಾಪ್ ಆರಿಸಿಕೊಂಡರೆ ‘ಪತ್ರವನ್ನು ಸರ್ವರ್‌ನಲ್ಲಿ ಬಿಡು’ ಎಂಬ ಗುರುತನ್ನು ಹಾಕಲು ಮರೆಯಬೇಡಿ. ನಾನು ಒಮ್ಮೆ ಮರೆತು, ಒಂದು ವಾರದ ಪತ್ರಗಳನ್ನೆಲ್ಲ ಪಿಡಿಎಗೆ ಇಳಿಸಿಕೊಂಡು, ಮರುದಿನ ಅದರ ಬ್ಯಾಟರಿ ಪೂರ್ತಿ ಬರಿದಾದಾಗ ಪತ್ರಗಳು ಅಲ್ಲಿಯೂ ಇಲ್ಲ, ಸರ್ವರ್‌ನಲ್ಲಿಯೂ ಇಲ್ಲ ಎಂಬ ಸ್ಥಿತಿಗೆ ಬಂದಿದ್ದೆ.

ಪ್ರಶ್ನೆ: ಬ್ಯಾಟರಿ ಬರಿದಾದರೆ ಪತ್ರಗಳು ಏಕೆ ಹೋಗಬೇಕು? ನನ್ನ ಪಾಕೆಟ್ ಪಿಸಿಯಲ್ಲೂ ಪ್ರತಿಸಲ ಎಲ್ಲ ಸೆಟ್ಟಿಂಗ್ಸ್ ಅಳಿಸಿಹೋಗುತ್ತದೆ. ಇನ್ನೊಂದು ತೊಂದರೆ: ವೈಫೈ ಸಂಪರ್ಕ ಆಗಿದೆ ಎಂದು ತೋರಿಸಿದರೂ ಯಾವ ಪುಟವೂ ತೆರೆಯುವುದಿಲ್ಲ.

ಉತ್ತರ: ವಿಂಡೋಸ್ ಮೊಬೈಲ್ 2003 ಮತ್ತು ಅದಕ್ಕೂ ಹಿಂದಿನ ಸಾಧನಗಳು ಬಳಕೆದಾರರ ಮಾಹಿತಿಯನ್ನು ರ್‍ಯಾಮ್‌ನಲ್ಲಿ ಇಟ್ಟುಕೊಳ್ಳುತ್ತಿದ್ದವು, ವಿದ್ಯುತ್ ನಿಂತರೆ ಅಲ್ಲಿರುವುದು ಉಳಿಯುವುದಿಲ್ಲ. 2005ರ ವಿಂಡೋಸ್ ಮೊಬೈಲ್ 5ರಿಂದ ಮುಂದಕ್ಕೆ ಮಾಹಿತಿ ಫ್ಲ್ಯಾಶ್ ಮೆಮೊರಿಗೆ ಸ್ಥಳಾಂತರಗೊಂಡಿತು. ಹಳೆಯ ಪಾಮ್‌ಗಳ ಪಾಡೂ ಇದೇ ಆಗಿತ್ತು. ಆದ್ದರಿಂದ ಸೆಟ್ಟಿಂಗ್ಸ್ ಪೂರ್ತಿಯಾದ ಕೂಡಲೇ ಮೆಮೊರಿ ಕಾರ್ಡ್‌ಗೆ ಬ್ಯಾಕಪ್ ತೆಗೆದಿಡಿ, ಜೊತೆಗೆ ಸರ್ವರ್ ವಿಳಾಸ, ಪೋರ್ಟ್ ಸಂಖ್ಯೆಗಳನ್ನು ಒಂದು ಕಾಗದದಲ್ಲಿಯೂ ಬರೆದಿಡಿ. ಬ್ಯಾಟರಿ ಊದಿಕೊಂಡು ಹಿಂಬದಿಯ ಮುಚ್ಚಳ ಎದ್ದಿದ್ದರೆ ಮಾತ್ರ ಅದನ್ನು ಚಾರ್ಜ್ ಮಾಡಲು ಹೋಗದೆ ಬದಲಿಸಿ.

ಎರಡನೆಯ ತೊಂದರೆಗೆ ಕಾರಣ ಪಾಕೆಟ್ ಪಿಸಿಯ ಒಂದು ವಿಚಿತ್ರ ಗುಣ. ಅದು ಜಗತ್ತನ್ನು ‘ದಿ ಇಂಟರ್‌ನೆಟ್’ ಮತ್ತು ‘ವರ್ಕ್’ ಎಂದು ಎರಡಾಗಿ ಒಡೆದು ನೋಡುತ್ತದೆ. ‘ವರ್ಕ್’ ಎಂದರೆ ಕಚೇರಿಯ ಒಳಜಾಲ, ಅದರ ಆಚೆ ಹೋಗಲು ಪ್ರಾಕ್ಸಿ (ನಡುವಿನ ಸರ್ವರ್) ಅಥವಾ ವಿಪಿಎನ್ (ಗುಪ್ತ ಸುರಂಗದಂಥ ಸಂಪರ್ಕ) ಬೇಕಾದೀತೆಂದು ಅದು ಎಣಿಸುತ್ತದೆ. ‘ಸೆಟ್ಟಿಂಗ್ಸ್’ನ ‘ಕನೆಕ್ಷನ್ಸ್’ ವಿಭಾಗದಲ್ಲಿ ನೆಟ್‌ವರ್ಕ್ ಕಾರ್ಡ್‌ಗಳ ಪುಟಕ್ಕೆ ಹೋದರೆ ‘ನನ್ನ ಕಾರ್ಡ್ ಯಾವುದಕ್ಕೆ ಸೇರುತ್ತದೆ’ ಎಂಬ ಪ್ರಶ್ನೆ ಇರುತ್ತದೆ. ಅಲ್ಲಿ ‘ವರ್ಕ್’ ಇದ್ದರೆ ‘ದಿ ಇಂಟರ್‌ನೆಟ್’ ಎಂದು ಬದಲಿಸಿ. ಅಲ್ಲೇ ಹತ್ತಿರದಲ್ಲಿ ಪ್ರಾಕ್ಸಿಯ ಗುರುತು ಇದ್ದರೆ ತೆಗೆಯಿರಿ. ಈ ಎರಡು ಬದಲಾವಣೆಗಳಿಂದ ಸರಿಹೋದ ಸಾಧನಗಳನ್ನು ನಾನು ಎಷ್ಟೋ ನೋಡಿದ್ದೇನೆ.

ಪ್ರಶ್ನೆ: ಸಿಮ್ ಹಾಕುವ ಹಳೆಯ ಸಾಧನದಲ್ಲಿ, ಮೊಬೈಲ್ ಜಾಲದ ಮೂಲಕ ಅಂತರಜಾಲ ಒದಗಿಸುವ ಜಿಪಿಆರ್‌ಎಸ್ ಸೆಟ್ಟಿಂಗ್ಸ್ ಕೈಯಾರೆ ತುಂಬುವುದು ಹೇಗೆ?

ಉತ್ತರ: ಮುಖ್ಯವಾಗಿ ಬೇಕಾದದ್ದು ಎಪಿಎನ್, ಅಂದರೆ ಮೊಬೈಲ್ ಜಾಲದಿಂದ ಅಂತರಜಾಲಕ್ಕೆ ಹೋಗುವ ದ್ವಾರದ ಹೆಸರು, ಅದನ್ನು ಸಿಮ್ ಕೊಟ್ಟ ಕಂಪನಿಯವರೇ ಹೇಳಬೇಕು. ಡಯಲ್ ಮಾಡುವ ಸಂಖ್ಯೆ ಕೇಳಿದರೆ *99# ಎಂದು ಕೊಡಿ, ಬಳಕೆದಾರರ ಹೆಸರು ಮತ್ತು ಪಾಸ್‌ವರ್ಡ್ ಸಾಮಾನ್ಯವಾಗಿ ಖಾಲಿಯೇ ಇರುತ್ತವೆ. ವ್ಯಾಪ್ (ಹಳೆಯ ಫೋನುಗಳಿಗೆ ಸರಳ ಪುಟ ತೋರಿಸುವ ಪದ್ಧತಿ) ಮತ್ತು ಇಂಟರ್‌ನೆಟ್ ಎಂದು ಎರಡು ಆಯ್ಕೆಗಳಿದ್ದರೆ ಇಂಟರ್‌ನೆಟ್ ಆರಿಸಿ, ಏಕೆಂದರೆ ವ್ಯಾಪ್ ದಾರಿಯಲ್ಲಿ ಇಮೇಲ್ ತಂತ್ರಾಂಶಕ್ಕೆ ಬೇಕಾದ ಪೋರ್ಟ್‌ಗಳು ಸಿಗದಿರಬಹುದು. ಇಷ್ಟಕ್ಕೆಲ್ಲ ಕೈಹಾಕುವ ಮೊದಲು ನಿಮ್ಮ ಸಾಧನಕ್ಕೆ ಬೇಕಾದ 2ಜಿ ಅಥವಾ 3ಜಿ ಜಾಲ ನಿಮ್ಮಲ್ಲಿ ಇನ್ನೂ ನಡೆಯುತ್ತಿದೆಯೇ ಎಂದು ಕೇಳಿ ತಿಳಿಯಿರಿ. ಹಲವು ದೇಶಗಳಲ್ಲಿ ಅವನ್ನು ಮುಚ್ಚಿಯಾಗಿದೆ.

ಪ್ರಶ್ನೆ: ನೋಕಿಯಾ ಇ-ಸರಣಿಯ ಫೋನ್‌ನಲ್ಲಿ ಯಾವ ಪುಟ ತೆರೆದರೂ ‘ಸರ್ಟಿಫಿಕೇಟ್ ಅವಧಿ ಮುಗಿದಿದೆ’ ಎನ್ನುತ್ತದೆ. ಎಲ್ಲ ಪುಟಗಳ ಅವಧಿಯೂ ಒಮ್ಮೆಲೇ ಮುಗಿಯುವುದುಂಟೇ?

ಉತ್ತರ: ಮೊದಲು ಫೋನಿನ ದಿನಾಂಕ ನೋಡಿ. ಬ್ಯಾಟರಿ ತೆಗೆದಿಟ್ಟ ಫೋನು ಎಚ್ಚರವಾದಾಗ ಎಷ್ಟೋ ವರ್ಷ ಹಿಂದಿನ ಜನವರಿ 1ಕ್ಕೆ ಮರಳಿರುತ್ತದೆ. ಪ್ರತಿ ಸರ್ಟಿಫಿಕೇಟ್‌ಗೂ ಆರಂಭದ ದಿನ, ಕೊನೆಯ ದಿನ ಎಂದು ಎರಡಿರುವುದರಿಂದ ಇನ್ನೂ ಆರಂಭವೇ ಆಗದ ಸರ್ಟಿಫಿಕೇಟ್ ಅನ್ನೂ ಅದು ತಿರಸ್ಕರಿಸುತ್ತದೆ. ದಿನಾಂಕ, ವರ್ಷ, ಸಮಯವಲಯ ಮೂರನ್ನೂ ಸರಿಪಡಿಸಿ.

ಅಷ್ಟಾದರೂ ದೂರು ನಿಲ್ಲದಿದ್ದರೆ ಫೋನಿನೊಳಗೆ ಕುಳಿತಿರುವ, ಉಳಿದವನ್ನು ನಂಬಲು ಆಧಾರವಾದ ಮೂಲ ಸರ್ಟಿಫಿಕೇಟ್‌ಗಳಿಗೇ ವಯಸ್ಸಾಗಿದೆ ಎಂದರ್ಥ. ಜಾಲತಾಣಗಳಿಗೆ ಉಚಿತವಾಗಿ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆಯನ್ನು ಹಳೆಯ ಸಾಧನಗಳು ನಂಬುತ್ತಿದ್ದದ್ದು ಅದರ ಹಿಂದೆ ನಿಂತಿದ್ದ ಇನ್ನೊಂದು ಮೂಲ ಸರ್ಟಿಫಿಕೇಟ್‌ನ ಬಲದಿಂದ. ಅದರ ಅವಧಿ 2021ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆ ದಿನ ಎಷ್ಟೋ ಹಳೆಯ ಫೋನು, ಟಿವಿಗಳಿಗೆ ನಿನ್ನೆಯವರೆಗೆ ತೆರೆಯುತ್ತಿದ್ದ ತಾಣಗಳು ಇದ್ದಕ್ಕಿದ್ದಂತೆ ಅಪರಿಚಿತವಾದವು. ಈ ಫೋನಿಗೆ ಹೊಸ ಮೂಲ ಸರ್ಟಿಫಿಕೇಟ್ ಅನ್ನು ಡಿಇಆರ್ ರೂಪದ ಕಡತವಾಗಿ ಕಳಿಸಿ ಸೇರಿಸಿಕೊಳ್ಳಬಹುದು. ಆದರೆ ಹಾಗೆ ಸೇರಿಸಿದರೂ ಹಿಂದೆ ಹೇಳಿದ ಟಿಎಲ್‌ಎಸ್ ಆವೃತ್ತಿಯ ಅಡ್ಡಿ ಹಾಗೆಯೇ ಇರುತ್ತದೆ, ಆದ್ದರಿಂದ ಇದರಿಂದ ಬಹಳ ನಿರೀಕ್ಷಿಸಬೇಡಿ. ಜಾಲಪುಟಗಳಿಗಾದರೆ ವೆಬ್‌ವನ್ ಎಂಬ ಪ್ರಾಕ್ಸಿಯನ್ನು ಕಂಪ್ಯೂಟರ್‌ನಲ್ಲಿ ನಡೆಸಿ, ಫೋನಿನ ಪ್ರಾಕ್ಸಿ ವಿಳಾಸವನ್ನು ಅದಕ್ಕೆ ತೋರಿಸುವುದು ವಾಸಿ.

ಪ್ರಶ್ನೆ: ಕನ್ನಡದಲ್ಲಿ ಬರೆದ ಇಮೇಲ್‌ಗಳು ಬರಿಯ ಚೌಕಗಳಾಗಿ ಕಾಣುತ್ತವೆ. ಅದರ ಮೇಲೆ ಅರ್ಧಕ್ಕೇ ತುಂಡಾಗಿಯೂ ಬರುತ್ತವೆ.

ಉತ್ತರ: ಚೌಕ ಕಾಣುತ್ತಿದ್ದರೆ ಅಕ್ಷರ ಬಂದಿದೆ, ಅದನ್ನು ಬರೆದು ತೋರಿಸುವ ಫಾಂಟ್ ಇಲ್ಲ. ಫಾಂಟ್ ಹಾಕಿದರೂ ಸಾಲದು. ಒತ್ತಕ್ಷರ, ಗುಣಿತಗಳನ್ನು ಅವುಗಳ ಜಾಗದಲ್ಲಿ ಕೂರಿಸುವ ಜಾಣ್ಮೆ ಸಾಧನದ ತಂತ್ರಾಂಶದಲ್ಲೇ ಇರಬೇಕು, ಇಲ್ಲವಾದರೆ ‘ಕ್ಷ’ ಬರಬೇಕಾದಲ್ಲಿ ಕಕಾರ, ಹಲಂತದ ಗುರುತು, ಷಕಾರ ಮೂರೂ ಬಿಡಿಬಿಡಿಯಾಗಿ ಸಾಲು ನಿಲ್ಲುತ್ತವೆ.

ತುಂಡಾಗುವುದಕ್ಕೂ ಇದೇ ‘ಕ್ಷ’ ಒಳ್ಳೆಯ ಉದಾಹರಣೆ. ಯೂನಿಕೋಡ್‌ನಲ್ಲಿ ಅದು ಮೂರು ಸಂಕೇತಗಳು. ಯುಟಿಎಫ್-8 ರೂಪದಲ್ಲಿ ಒಂದೊಂದಕ್ಕೆ 3 ಬೈಟ್‌ನಂತೆ ಒಟ್ಟು 9 ಬೈಟ್. ಇಮೇಲ್‌ನಲ್ಲಿ ಸಾಗಿಸಲು ಬೇಸ್64 ರೂಪಕ್ಕೆ ತಿರುಗಿಸಿದಾಗ 12 ಆಗುತ್ತದೆ. ಇಂಗ್ಲಿಷಿನ ಒಂದು ಅಕ್ಷರಕ್ಕೆ 1 ಬೈಟ್ ಸಾಕು. ಹಳೆಯ ಇಮೇಲ್ ತಂತ್ರಾಂಶಗಳು ‘ಪ್ರತಿ ಪತ್ರದಲ್ಲಿ 5 ಕಿಲೋಬೈಟ್ ಮಾತ್ರ ಇಳಿಸು’ ಎಂಬಂಥ ಮಿತಿಯನ್ನು ಇಟ್ಟುಕೊಂಡಿರುತ್ತವೆ, ಅಷ್ಟರಲ್ಲಿ ಇಂಗ್ಲಿಷ್ ಪತ್ರ ಎರಡು ಪುಟ ಬಂದರೆ ಕನ್ನಡದ ಪತ್ರ ಕುಶಲೋಪರಿಗೇ ಮುಗಿದುಹೋಗುತ್ತದೆ. ಈ ಮಿತಿಯನ್ನು 50 ಕಿಲೋಬೈಟ್‌ಗೆ ಏರಿಸಿ. ಓದಲೇಬೇಕಾದ ಕನ್ನಡ ಪತ್ರವನ್ನು ಕಳಿಸುವವರು ಚಿತ್ರವಾಗಿ, 320 ಪಿಕ್ಸೆಲ್ ಅಗಲದಲ್ಲಿ ಕಳಿಸಿದರೆ ನೇರವಾಗಿ ಕಾಣುತ್ತದೆ.

ಜಾಲಪುಟಗಳ ಮಟ್ಟಿಗೆ ಒಪೆರಾ ಮಿನಿಯ ಹಳೆಯ ಉಪಾಯ ಅನೇಕರಿಗೆ ನೆನಪಿರಬಹುದು. ವಿಳಾಸದ ಜಾಗದಲ್ಲಿ ‘ಒಪೆರಾ’, ಅದರ ಮುಂದೆ ವಿವರಣ ಚಿಹ್ನೆ, ಆಮೇಲೆ ‘ಕಾನ್ಫಿಗ್’ ಎಂದು ಇಂಗ್ಲಿಷಿನಲ್ಲಿ ಬರೆದು ತೆರೆದರೆ, ಸಂಕೀರ್ಣ ಲಿಪಿಗಳಿಗೆ ಬಿಟ್‌ಮ್ಯಾಪ್ ಫಾಂಟ್ ಬಳಸಬೇಕೇ ಎಂಬ ಆಯ್ಕೆ ಸಿಗುತ್ತದೆ; ‘ಯೆಸ್’ ಮಾಡಿದರೆ ಅಕ್ಷರಗಳನ್ನು ಒಪೆರಾದ ಸರ್ವರ್ ತಾನೇ ಚಿತ್ರವಾಗಿಸಿ ಕಳಿಸುತ್ತದೆ. ನಿಮ್ಮ ಫೋನಿನಲ್ಲಿ ಆ ಬ್ರೌಸರ್‌ಗೆ ಸಂಪರ್ಕ ದೊರೆತರೆ ಕನ್ನಡ ಪುಟ ಓದಲು ಅಷ್ಟು ಸುಲಭದ ದಾರಿ ಇನ್ನೊಂದಿಲ್ಲ. ನೋಡುವುದೆಲ್ಲ ಮಧ್ಯದ ಸರ್ವರ್ ಮೂಲಕ ಹಾದುಬರುವುದರಿಂದ ಅಲ್ಲಿ ಪಾಸ್‌ವರ್ಡ್ ಕೇಳುವ ಕೆಲಸಗಳನ್ನು ಇಟ್ಟುಕೊಳ್ಳಬೇಡಿ.

ಪ್ರಶ್ನೆ: ಬ್ಲ್ಯಾಕ್‌ಬೆರಿ ಓಎಸ್ 7ರ ಫೋನಿಗೂ ಇದೇ ಕ್ರಮವೇ?

ಉತ್ತರ: ಅಲ್ಲ. ಆ ಫೋನುಗಳ ಇಮೇಲ್ ವ್ಯವಸ್ಥೆ ಸರ್ವರ್ ಜೊತೆ ನೇರವಾಗಿ ಮಾತಾಡುತ್ತಿರಲಿಲ್ಲ, ಬ್ಲ್ಯಾಕ್‌ಬೆರಿಯ ಸ್ವಂತ ಸೇವೆಯೇ ಪತ್ರಗಳನ್ನು ತಂದು ತಳ್ಳುತ್ತಿತ್ತು. 2022ರ ಜನವರಿ 4ರಂದು ಆ ಕಂಪನಿ ಹಳೆಯ ಸೇವೆಗಳನ್ನು ನಿಲ್ಲಿಸಿದ ಮೇಲೆ ಅದರಲ್ಲಿ ನೀವು ತಿದ್ದಬಹುದಾದ ಸರ್ವರ್ ವಿಳಾಸವೇ ಇಲ್ಲ. ಕೀಲಿಮಣೆ ಎಷ್ಟೇ ಸೊಗಸಾಗಿರಲಿ, ಇಮೇಲ್‌ಗೆ ಬೇರೆ ಸಾಧನವನ್ನು ನೋಡಿಕೊಳ್ಳಿ.